ಈಜುಕೊಳದ ಒಳಮೈ: ಒಂದು ಸೆಂಟಿಮೀಟರಿನ ಚರಿತ್ರೆ

ಅಮೆರಿಕದಲ್ಲಿ ಮನೆಯ ಹಿತ್ತಿಲಿನಲ್ಲಿ ಈಜುಕೊಳ ಉಳ್ಳವರು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳಿಗೊಮ್ಮೆ ಅದರ ಒಳಮೈಗೆ ಹೊಸದಾಗಿ ಗಿಲಾವು ಮಾಡಿಸುತ್ತಾರೆ. ಇದಕ್ಕೆ ಹಲವು ಸಾವಿರ ಡಾಲರುಗಳು ಬೇಕು. ಕಾಂಕ್ರೀಟಿನ ತೊಟ್ಟಿ ಗಟ್ಟಿಯಾಗಿಯೇ ಇರುವಾಗ, ಸುಮಾರು ಒಂದು ಸೆಂಟಿಮೀಟರ್ ದಪ್ಪದ ಈ ಲೇಪ ಮಾತ್ರ ಹಾಳಾಗುವುದೇಕೆ?

ನೀರು ನಿಲ್ಲಿಸುವ ಸಮಸ್ಯೆ ಹಳೆಯದು. ಸುಮಾರು 4500 ವರ್ಷಗಳ ಹಿಂದಿನ ಮೊಹೆಂಜೊದಾರೊ ನಗರದ ಮಹಾಸ್ನಾನಗೃಹದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳವಿದೆ. ಅದನ್ನು ಕಟ್ಟಿದವರು ಸುಟ್ಟ ಇಟ್ಟಿಗೆಗಳನ್ನು ಜಿಪ್ಸಂ ಗಾರೆಯಿಂದ ಒತ್ತಾಗಿ ಜೋಡಿಸಿ, ಅವುಗಳ ಹಿಂದೆ ನೈಸರ್ಗಿಕ ಡಾಂಬರಿನ ಪದರವೊಂದನ್ನು ಕೊಟ್ಟಿದ್ದರು. ಡಾಂಬರು ನೀರಿನಲ್ಲಿ ಕರಗದು. ಭಾರ ಹೊರುವ ಕೆಲಸ ಇಟ್ಟಿಗೆಗೆ, ನೀರು ತಡೆಯುವ ಕೆಲಸ ಡಾಂಬರಿಗೆ ಎಂಬ ಈ ಹಂಚಿಕೆ ಜಾಣತನದ್ದು.

ಆಧುನಿಕ ಕೊಳದ ಕಥೆ ಬೇರೆ. ಷಿಕಾಗೋ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುತ್ತಿದ್ದ ಕಾರ್ಲ್ ಏಕ್ಲಿ, ಸಿಮೆಂಟು ಮತ್ತು ಮರಳಿನ ಮಿಶ್ರಣವನ್ನು ಗಾಳಿಯ ಒತ್ತಡದಿಂದ ಚಿಮ್ಮಿಸುವ ಯಂತ್ರವನ್ನು ರೂಪಿಸಿ 1911ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಬಾಗಿಸಿದ ಕಬ್ಬಿಣದ ಸರಳುಗಳ ಮೇಲೆ ಹೀಗೆ ಚಿಮ್ಮಿಸಿದರೆ ಹಲಗೆಯ ಅಚ್ಚಿನ ಹಂಗಿಲ್ಲದೆ ತೊಟ್ಟಿ ಸಿದ್ಧ. ಎರಡನೆಯ ಮಹಾಯುದ್ಧದ ಅನಂತರ ಕ್ಯಾಲಿಫೋರ್ನಿಯದಲ್ಲಿ ಮನೆಯ ಕೊಳಗಳು ಹೆಚ್ಚಲು ಈ ವಿಧಾನವೂ ಒಂದು ಕಾರಣ. ಆದರೆ ಚಿಮ್ಮಿಸಿದ ಕಾಂಕ್ರೀಟು ಒರಟು. ಆದ್ದರಿಂದ ಅದರ ಮೇಲೆ ಬಿಳಿ ಸಿಮೆಂಟು ಮತ್ತು ಅಮೃತಶಿಲೆಯ ಪುಡಿಯ ನುಣುಪಾದ ಗಿಲಾವು ಬಂದಿತು.

ತೊಡಕು ಇರುವುದು ಇಲ್ಲಿಯೇ. ಸಿಮೆಂಟು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಅಮೃತಶಿಲೆಯೋ ಕ್ಯಾಲ್ಸಿಯಂ ಕಾರ್ಬೊನೇಟ್. ಕೊಳದ ನೀರಿನಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಅಥವಾ ಪಿಎಚ್ ತಗ್ಗಿದರೆ, ನೀರು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಗೋಡೆಯಿಂದಲೇ ಪಡೆಯುತ್ತದೆ. ಮೈ ಒರಟಾಗಿ ಗುಳಿ ಬೀಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಬಿಳಿ ಹಕ್ಕಳೆ ಕಟ್ಟುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರನ್ನು ಕಾಯಿಸಿದ ಪಾತ್ರೆಯಲ್ಲಿ ಕಾಣುವುದೂ ಇದೇ ಹಕ್ಕಳೆ. ಒಂದೇ ಕ್ರಿಯೆಯ ಎರಡು ದಿಕ್ಕುಗಳಿವು.

ನೀರು ಯಾವ ದಿಕ್ಕಿಗೆ ವಾಲಿದೆ ಎಂದು ಲೆಕ್ಕ ಹಾಕುವ ಸೂಚ್ಯಂಕವನ್ನು 1936ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿಲ್ಫ್ರೆಡ್ ಲ್ಯಾಂಜಲಿಯರ್ ನೀಡಿದರು. ಅವರ ಚಿಂತೆ ಇದ್ದದ್ದು ತುಕ್ಕು ಹಿಡಿಯುವ ನೀರಿನ ಕೊಳವೆಗಳ ಬಗ್ಗೆ. ಈಜುಕೊಳದವರು ಅದನ್ನು ಆಮೇಲೆ ಎರವಲು ಪಡೆದರು. ಸೂಚ್ಯಂಕ ಋಣವಾದರೆ ನೀರು ಕರಗಿಸುತ್ತದೆ, ಧನವಾದರೆ ಹಕ್ಕಳೆ ಕಟ್ಟುತ್ತದೆ, ಸೊನ್ನೆಯಾದರೆ ಸಮತೋಲ.

ಈಗ ವೆಚ್ಚದ ಲೆಕ್ಕ. ಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳವಿದೆ ಎನ್ನೋಣ. ತಳ 50, ಗೋಡೆಗಳು 45, ಒಟ್ಟು 95 ಚದರ ಮೀಟರ್. ಒಂದು ಸೆಂಟಿಮೀಟರ್ ದಪ್ಪಕ್ಕೆ ಬೇಕಾಗುವ ಗಿಲಾವು ಒಂದು ಘನ ಮೀಟರಿಗೂ ಕಡಿಮೆ! ಹಣ ಹೆಚ್ಚಾಗಿ ಹೋಗುವುದು ಸಾಮಗ್ರಿಗಲ್ಲ, ಹಳೆಯ ಲೇಪವನ್ನು ಕೆತ್ತಿ ತೆಗೆದು ಹೊಸದನ್ನು ಬಳಿಯುವ ಕೂಲಿಗೆ. ಜೊತೆಗೆ 75,000 ಲೀಟರ್ ನೀರನ್ನು ಹೊರಚೆಲ್ಲಬೇಕು. ಅಂತರ್ಜಲ ಮೇಲಿದ್ದರೆ ಬರಿದಾದ ತೊಟ್ಟಿ ದೋಣಿಯಂತೆ ಮೇಲೇಳುವ ಅಪಾಯವೂ ಉಂಟು. ಆರ್ಕಿಮಿಡೀಸನ ತತ್ತ್ವ ಅಲ್ಲಿಯೂ ಬಿಡದು.

ಕೆಲಸಗಾರಿಕೆ ಕಳಪೆಯಾದರೂ ಲೇಪ ಬೇಗ ಕೆಡುತ್ತದೆ, ನಿಜ. ಆದರೆ ಒಳ್ಳೆಯ ಲೇಪದ ಆಯುಷ್ಯವನ್ನು ನಿರ್ಧರಿಸುವುದು ಬಹುಮಟ್ಟಿಗೆ ನೀರಿನ ಸಮತೋಲವೇ. ವಾರಕ್ಕೊಮ್ಮೆ ನೀರನ್ನು ಪರೀಕ್ಷಿಸುವ ಅಲ್ಪ ಖರ್ಚನ್ನು ಉಳಿಸಿದವರು, ಆ ಉಳಿತಾಯವನ್ನು ಮುಂದೆ ಗೋಡೆಗೆ ಸುರಿಯಬೇಕಾಗುತ್ತದೆ.