ಸ್ವಿಚ್ಚೋ, ಸ್ಪ್ರಿಂಗೋ?

ಅಮೆರಿಕದಲ್ಲಿರೋ ನನ್ನ ಚಿಕ್ಕಪ್ಪನ ಮಗ ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾನೆ. ಮೊನ್ನೆ ವಿಡಿಯೋ ಕಾಲ್ ಮಾಡಿ, "ಟ್ರಿಮ್ ಎಲೆಕ್ಟ್ರಿಕ್ ಹಾಕ್ಲಾ, ಮ್ಯಾನ್ಯುಯಲ್ ಹಾಕ್ಲಾ?" ಅಂದ. ಅರೆಕೆರೆಯಲ್ಲಿ ಕೂತು ಕೋಡ್ ಬರೆಯೋ ನನ್ನನ್ನು ಕೇಳ್ತಾನಲ್ಲ! ವಿಮಾನಗಳ ಇತಿಹಾಸ ಓದೋ ಹುಚ್ಚು ನನಗಿದೆ ಅಂತ ಅವನಿಗೆ ಗೊತ್ತು, ಅಷ್ಟೆ.

ಎಡಕ್ಕೆ ಎಳೆಯೋ ಕಾರನ್ನು ಅರೆಕೆರೆಯಿಂದ ಡೇರಿ ಸರ್ಕಲ್‌ವರೆಗೆ ಓಡಿಸಿ ನೋಡಿ, ಕೈ ಸೋತುಹೋಗುತ್ತೆ. ವಿಮಾನವೂ ಹಾಗೇ. ವೇಗ ಬದಲಾದಂತೆ ಅದರ ಮೂಗು ಏಳೋಕೋ ಇಳಿಯೋಕೋ ನೋಡುತ್ತೆ. ಪೈಲಟ್ ಅದನ್ನು ಕೋಲಿನಿಂದ ತಡೆದು ಹಿಡಿದೇ ಇರಬೇಕು. ಕೈ ಮೇಲಿನ ಆ ಭಾರವನ್ನು ಇಳಿಸೋದೇ ಟ್ರಿಮ್.

ಮನೆಯಲ್ಲಿ ಕಟ್ಟೋ ವಿಮಾನದ ಕಥೆ ನಮ್ಮೂರಿಗೂ ಬಂದಿತ್ತು. ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್-ಈಝೀ 1979ರಲ್ಲಿ ಮೊದಲು ಹಾರಿತು. ಫೋಮ್ ಮತ್ತು ಗಾಜಿನ ನಾರಿನ ಈ ವಿಮಾನವನ್ನು ನಕ್ಷೆ ಕೊಂಡು ಯಾರು ಬೇಕಾದರೂ ಕಟ್ಟಬಹುದಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಇದನ್ನೇ ಆಧಾರವಾಗಿಟ್ಟುಕೊಂಡು 'ಎಲ್‌ಸಿಆರ್‌ಎ' ಎಂಬ ಸಂಶೋಧನಾ ವಿಮಾನ ಕಟ್ಟಿತು. ಅದೇ ಸಂಸ್ಥೆಯ 'ಹಂಸ' ಹಾರಿದ್ದು ಆಮೇಲೆ, 1993ರಲ್ಲಿ. ರುಟಾನ್ ನಕ್ಷೆಯಲ್ಲಿ ಟ್ರಿಮ್ ಅಂದರೆ ಒಂದು ಸನ್ನೆ, ಸ್ಪ್ರಿಂಗು. ಮೋಟಾರೂ ಇಲ್ಲ, ವೈರೂ ಇಲ್ಲ.

ಹಾಗಾದರೆ ಮ್ಯಾನ್ಯುಯಲ್ಲೇ ಒಳ್ಳೇದು ಅಂತೀರಾ? ತಡೀರಿ. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ 737 ಮ್ಯಾಕ್ಸ್‌ನಲ್ಲಿ ಒಂದು ಸೆನ್ಸರ್ ತಪ್ಪು ಹೇಳಿತು. ಅದನ್ನು ನಂಬಿದ ಸಾಫ್ಟ್‌ವೇರ್ ಎಲೆಕ್ಟ್ರಿಕ್ ಟ್ರಿಮ್‌ನಿಂದ ಮೂಗನ್ನು ಕೆಳಗೆ ತಳ್ಳಿತು. ಪೈಲಟ್‌ಗಳು ಕರೆಂಟ್ ಕತ್ತರಿಸಿ ಕೈಚಕ್ರ ತಿರುಗಿಸಲು ನೋಡಿದರು. ಆ ವೇಗದಲ್ಲಿ ಗಾಳಿಯ ಒತ್ತಡಕ್ಕೆ ಚಕ್ರ ಜಗ್ಗಲೇ ಇಲ್ಲ. 157 ಜನ ಹೋದರು. ಕೈಚಕ್ರ ಇತ್ತು, ಕೈಗೆ ಬಲ ಸಾಲಲಿಲ್ಲ.

ಇನ್ನೊಂದು ಲಾಂಗ್-ಈಝೀಯದ್ದೇ ಕಥೆ. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಹಾರಿಸುತ್ತಿದ್ದ ವಿಮಾನ ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬಿತ್ತು. ಇಂಧನದ ಟ್ಯಾಂಕ್ ಬದಲಿಸೋ ಹಿಡಿಕೆಯನ್ನು ಕಟ್ಟಿದವರು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಇಟ್ಟಿದ್ದರು. ಕಟ್ಟಿದವರು ಬೇರೆ, ಹಾರಿಸಿದವರು ಬೇರೆ. ಇಲ್ಲಿ ಕೈ ಸುಲಭವಾಗಿ ಎಟುಕುವಂತಿರಲಿಲ್ಲ.

ತಮ್ಮನಿಗೆ ಹೇಳಿದೆ: "ಯಾವುದಾದ್ರೂ ಹಾಕು. ಆದ್ರೆ ಟ್ರಿಮ್ ಒಂದು ತುದಿಗೆ ಹೋಗಿ ಸಿಕ್ಕಿಕೊಂಡರೂ ಕೋಲು ಹಿಡಿದು ಇಳಿಸೋಕಾಗ್ಬೇಕು. ಎಲೆಕ್ಟ್ರಿಕ್ ಆದ್ರೆ ಅದರ ಕರೆಂಟ್ ಕತ್ತರಿಸೋ ಸ್ವಿಚ್ಚು ಬೆಲ್ಟ್ ಕಟ್ಟಿಕೊಂಡೇ ಸಿಗ್ಬೇಕು. ನಿನಗೆ ಮಾತ್ರ ಅಲ್ಲ, ನಾಳೆ ನೀನು ಮಾರಿದ ಮೇಲೆ ಅಲ್ಲಿ ಕೂರೋವ್ರಿಗೂ."

ಅವನು ಮಾತಾಡಲಿಲ್ಲ. ಫೋನನ್ನು ಬೆಂಚಿನ ಮೇಲಿಟ್ಟು, ರೆಕ್ಕೆಯಿಲ್ಲದ ಆ ವಿಮಾನದೊಳಗೆ ಹೋಗಿ ಕೂತ. ಬೆಲ್ಟ್ ಬಿಗಿದುಕೊಂಡ. ಕಣ್ಣು ಮುಚ್ಚಿ, ಸ್ವಿಚ್ಚು ಇರಬೇಕಾದ ಕಡೆ ಕೈ ಚಾಚಿದ.