ಹಬ್ಬದ ಜಾಹೀರಾತು ನಿದ್ದೆ ಕೆಡಿಸುತ್ತದೆಯೇ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ದಸರೆಯಿಂದ ದೀಪಾವಳಿವರೆಗೆ ಟಿವಿಯಲ್ಲಿ ಸೀರಿಯಲ್‌ಗಿಂತ ಜಾಹೀರಾತೇ ಚೆನ್ನಾಗಿರುತ್ತದೆ ಎನ್ನುವವರು ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪುಗಳಲ್ಲಿ ನಿದ್ದೆಯ ಬಗ್ಗೆ ಸಂದೇಶಗಳು ಓಡಾಡತೊಡಗುತ್ತವೆ. ಟಿವಿಯ ನೀಲಿ ಬೆಳಕು ನಿದ್ದೆಯ ಹಾರ್ಮೋನನ್ನೇ ಕೊಲ್ಲುತ್ತದಂತೆ. ಜಾಹೀರಾತಿನಲ್ಲಿ ಕಣ್ಣಿಗೆ ಕಾಣದ ಸಂದೇಶ ಅಡಗಿಸಿರುತ್ತಾರಂತೆ. ರಾತ್ರಿ 10ರಿಂದ 2ರೊಳಗೆ ಮಾಡದ ನಿದ್ದೆ ನಿದ್ದೆಯೇ ಅಲ್ಲವಂತೆ. ನಿದ್ದೆ ಬಾರದಿದ್ದರೆ ಹಾಲಿಗೆ ಜಾಜಿಕಾಯಿ ಪುಡಿ ಹಾಕಿ ಕುಡಿಯಬೇಕಂತೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು, ಒಂದು ಅಪಾಯಕಾರಿ. ನಿಜವಾಗಿ ನಿದ್ದೆ ಕದಿಯುವ ಕಳ್ಳ ಬೇರೆಯೇ ಇದ್ದಾನೆ, ನಮ್ಮ ಹಾಲ್‌ನಲ್ಲೇ ಇದ್ದಾನೆ.

ಮೊದಲು ಜಾಹೀರಾತಿನ ಪರ ಎರಡು ಮಾತು

ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು. ಆಗ ವಸ್ತು ತೋರಿಸಿ ಹೆಸರು ಹೇಳಿದರೆ ಮುಗಿಯುತ್ತಿತ್ತು. ಈಗಿನ ಹಬ್ಬದ ಜಾಹೀರಾತು ಒಂದು ಪುಟ್ಟ ಸಿನಿಮಾ. 2018ರ ದೀಪಾವಳಿಗೆ ಎಚ್‌ಪಿ ಕಂಪನಿ ಮಾಡಿದ್ದನ್ನು ನೆನಪಿಸಿಕೊಳ್ಳಿ: ರಸ್ತೆ ಬದಿ ಹಣತೆ ಮಾರುವ ಅಜ್ಜಿಗೆ ವ್ಯಾಪಾರವಿಲ್ಲ, ಒಬ್ಬ ಹುಡುಗ ಅವಳ ಬಗ್ಗೆ ಕರಪತ್ರ ಮುದ್ರಿಸಿ ಹಂಚುತ್ತಾನೆ. ಪ್ರಿಂಟರ್ ಮಾರುವ ಜಾಹೀರಾತು ಎಂದು ಗೊತ್ತಿದ್ದೂ ಕಣ್ಣು ಒದ್ದೆಯಾಗುತ್ತದೆ. 2021ರಲ್ಲಿ ಕ್ಯಾಡ್‌ಬರಿ ಕಂಪನಿ ಶಾರುಖ್ ಖಾನ್ ಅವರ ಮುಖ, ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಹೊಂದಿಸಿ, ಸಣ್ಣ ಅಂಗಡಿಗಳ ಹೆಸರನ್ನು ಅವರೇ ಹೇಳುವಂತೆ ಮಾಡಿತ್ತು. ಬ್ರಿಟನ್‌ನಲ್ಲಿ ಜಾನ್ ಲೂಯಿಸ್ ಮಳಿಗೆಯ ಕ್ರಿಸ್‌ಮಸ್ ಜಾಹೀರಾತಿಗೆ ಜನ ವರ್ಷವಿಡೀ ಕಾಯುತ್ತಾರೆ.

ನಮ್ಮಲ್ಲಿ ಒಂದು ತಮಾಷೆಯೂ ಉಂಟು. ಹೆಚ್ಚಿನ ಹಬ್ಬದ ಜಾಹೀರಾತುಗಳು ಹಿಂದಿಯಲ್ಲಿ ಹುಟ್ಟಿ ಕನ್ನಡಕ್ಕೆ ಡಬ್ ಆಗುವುದರಿಂದ ಅವುಗಳಲ್ಲಿ ಧನತೇರಸ್ ಇರುತ್ತದೆ, ನೀರು ತುಂಬುವ ಹಬ್ಬ ಇರುವುದಿಲ್ಲ. ಬಲಿಪಾಡ್ಯಮಿಯಂತೂ ಕಾಣುವುದೇ ಅಪರೂಪ. ಅದೇನೇ ಇರಲಿ, ಮನೆಮಂದಿ ಕೂತು ನೋಡಿ ನಗುವುದರಲ್ಲಿ, ಸ್ವಲ್ಪ ಅಳುವುದರಲ್ಲಿ ಆರೋಗ್ಯಕ್ಕೆ ಯಾವ ಕೇಡೂ ಇಲ್ಲ.

ಅಡಗಿಸಿಟ್ಟ ಸಂದೇಶದ ಕಥೆಗೆ ಮೂಲ 1957ರ ಅಮೆರಿಕ. ಜೇಮ್ಸ್ ವಿಕಾರಿ ಎಂಬ ಮಾರುಕಟ್ಟೆ ತಜ್ಞ, ಸಿನಿಮಾ ನಡುವೆ ಕಣ್ಣಿಗೆ ಕಾಣದಷ್ಟು ಬೇಗ ಪಾಪ್‌ಕಾರ್ನ್, ಕೋಕಾಕೋಲಾ ಸಂದೇಶ ಮಿನುಗಿಸಿ ಮಾರಾಟ ಹೆಚ್ಚಿಸಿದೆ ಎಂದು ಹೇಳಿಕೊಂಡ. ತನ್ನ ಬಳಿ ಇದ್ದ ಮಾಹಿತಿ ಏನೇನೂ ಸಾಲದ್ದು ಎಂದು 1962ರಲ್ಲಿ ತಾನೇ ಒಪ್ಪಿಕೊಂಡ. ಅವನು ಕೈಬಿಟ್ಟ ಕಥೆಯನ್ನು ವಾಟ್ಸಾಪ್ ಇನ್ನೂ ಬಿಟ್ಟಿಲ್ಲ.

ಜಾಹೀರಾತು ಬಂದರೆ ಟಿವಿ ಕಿರುಚುವುದೇಕೆ?

ಇದು ನಿಮ್ಮ ಭ್ರಮೆಯಲ್ಲ. ಧಾರಾವಾಹಿಯಲ್ಲಿ ಪಿಸುಮಾತು, ಮೌನ, ಅಳು, ಕೂಗು ಎಲ್ಲವೂ ಇರುತ್ತವೆ, ಸದ್ದು ಏರಿಳಿಯುತ್ತದೆ. ಜಾಹೀರಾತಿನಲ್ಲಿ ಆ ಏರಿಳಿತವನ್ನು ಹಿಂಡಿ, ಪಿಸುಮಾತನ್ನೂ ಕೂಗಿನ ಮಟ್ಟಕ್ಕೆ ಎತ್ತಿರುತ್ತಾರೆ. ಗರಿಷ್ಠ ಮಟ್ಟ ಎರಡರಲ್ಲೂ ಒಂದೇ ಇರಬಹುದು, ಆದರೆ ಜಾಹೀರಾತು ಮೂವತ್ತು ಸೆಕೆಂಡೂ ಆ ಗರಿಷ್ಠದ ಹತ್ತಿರವೇ ನಿಂತಿರುತ್ತದೆ. ಕಿವಿ ಅಳೆಯುವುದು ಸರಾಸರಿಯನ್ನು, ಹಾಗಾಗಿ ಜೋರು ಅನ್ನಿಸುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ 2010ರಲ್ಲಿ ಕಾನೂನು ಮಾಡಿದರು. ನಮ್ಮ ಕೇಬಲ್ ಟಿವಿ ನಿಯಮಗಳೂ ಜಾಹೀರಾತಿನ ಸದ್ದು ಅತಿಯಾಗಬಾರದು, ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು ಎನ್ನುತ್ತವೆ. ಪಾಲನೆ ಎಷ್ಟರಮಟ್ಟಿಗೆ ಎಂಬುದನ್ನು ರಿಮೋಟ್ ಹಿಡಿದವರೇ ಹೇಳಲಿ. ಹೆಚ್ಚಿನ ಹೊಸ ಟಿವಿಗಳ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಆಟೋ ವಾಲ್ಯೂಮ್’ ಅಥವಾ ‘ನೈಟ್ ಮೋಡ್’ ಇರುತ್ತದೆ. ಒಮ್ಮೆ ಆನ್ ಮಾಡಿಟ್ಟರೆ ಈ ಕಿರುಚಾಟ ಬಹಳ ಮಟ್ಟಿಗೆ ತಗ್ಗುತ್ತದೆ.

ಈಗ ಕಳ್ಳನ ವಿಷಯ

ರಾತ್ರಿ ಊಟ ಮುಗಿಸಿ ಅಪ್ಪ ಸೋಫಾದಲ್ಲಿ ಟಿವಿ ಮುಂದೆ ಕೂರುತ್ತಾರೆ. ಒಂಬತ್ತು ಗಂಟೆಗೆ ತಲೆ ವಾಲುತ್ತದೆ, ಸಣ್ಣಗೆ ಗೊರಕೆ. ಚಾನಲ್ ಬದಲಿಸಿದರೆ ಮಾತ್ರ ‘ನಾನು ನೋಡ್ತಾ ಇದ್ದೀನಿ’ ಎನ್ನುತ್ತಾರೆ. ಹತ್ತರ ಹೊತ್ತಿಗೆ ಒಂದು ಸೀರೆ ಅಂಗಡಿಯ ಜಾಹೀರಾತು ಢಂಢಂ ಎಂದು ಬಂದು ಎಚ್ಚರಿಸುತ್ತದೆ. ಎದ್ದು ಹೋಗಿ ಹಾಸಿಗೆಯಲ್ಲಿ ಮಲಗುತ್ತಾರೆ. ಒಂದು ಗಂಟೆಯಾದರೂ ಫ್ಯಾನ್ ನೋಡುತ್ತಿರುತ್ತಾರೆ. ಬೆಳಿಗ್ಗೆ ‘ಟಿವಿಯಿಂದ ನಿದ್ದೆ ಹೋಯ್ತು’ ಎನ್ನುತ್ತಾರೆ.

ನಿದ್ದೆಯನ್ನು ನಡೆಸುವುದು ಎರಡು ವ್ಯವಸ್ಥೆಗಳು ಎಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ವಿವರಿಸಿದರು. ಒಂದು, ಮಿದುಳಿನೊಳಗಿನ ದಿನಚರಿ ಗಡಿಯಾರ. ಇನ್ನೊಂದು, ನಿದ್ದೆಯ ಹಸಿವು. ಎದ್ದ ಕ್ಷಣದಿಂದ ಮಿದುಳಿನಲ್ಲಿ ಅಡಿನೋಸಿನ್‌ನಂಥ ರಾಸಾಯನಿಕ ಶೇಖರವಾಗುತ್ತಾ ಈ ಹಸಿವು ಬೆಳೆಯುತ್ತದೆ, ನಿದ್ದೆ ಮಾಡಿದಾಗ ಇಳಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಎರಡು ಪ್ಲೇಟ್ ಬಜ್ಜಿ ತಿಂದರೆ ಊಟ ಸೇರುತ್ತದೆಯೇ? ಸೋಫಾದ ತೂಕಡಿಕೆ ಆ ಬಜ್ಜಿ. ದಿನವಿಡೀ ಕೂಡಿಟ್ಟ ನಿದ್ದೆಯ ಹಸಿವನ್ನು ಅದು ತಿಂದು ಹಾಕುತ್ತದೆ. ಕಾಫಿಯ ಕೆಫೀನ್ ಮಾಡುವುದು ಬೇರೆ ಕೆಲಸ: ಹಸಿವನ್ನು ಇಳಿಸದೆ, ಅದು ಮಿದುಳಿಗೆ ಗೊತ್ತಾಗದಂತೆ ತಡೆಯುತ್ತದೆ. ಸಂಜೆ 6ಕ್ಕೆ ಕುಡಿದ ಫಿಲ್ಟರ್ ಕಾಫಿಯ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ 11ಕ್ಕೂ ರಕ್ತದಲ್ಲಿರುತ್ತದೆ. ಹಬ್ಬದಲ್ಲಿ ನೆಂಟರು ಬಂದಾಗಲೆಲ್ಲ ಒಂದು ಲೋಟ ಆಗುತ್ತದೆ, ಅದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಹಾಗಾದರೆ ನೀಲಿ ಬೆಳಕು? ಪರಿಣಾಮ ಇದೆ, ಫಾರ್ವರ್ಡ್ ಹೇಳುವಷ್ಟಿಲ್ಲ. 2015ರಲ್ಲಿ ಪ್ರಕಟವಾದ, ಎಲ್ಲರೂ ಉದ್ಧರಿಸುವ ಪ್ರಯೋಗದಲ್ಲಿ ಜನ ಐದು ರಾತ್ರಿ, ಮಲಗುವ ಮುನ್ನ ಸುಮಾರು ನಾಲ್ಕು ಗಂಟೆ ಪ್ರಖರ ಪರದೆಯಲ್ಲಿ ಪುಸ್ತಕ ಓದಿದರು. ಅವರಲ್ಲಿ ಮೆಲಟೋನಿನ್ ತಗ್ಗಿತು ನಿಜ, ಆದರೆ ಕಾಗದದ ಪುಸ್ತಕ ಓದಿದಾಗಿಗಿಂತ ನಿದ್ದೆ ತಡವಾದದ್ದು ಸರಾಸರಿ 10 ನಿಮಿಷ. ಹತ್ತಡಿ ದೂರದ ಟಿವಿಯಿಂದ ಕಣ್ಣಿಗೆ ಬೀಳುವ ಬೆಳಕು ಕೈಯಲ್ಲಿ ಹಿಡಿದ ಪರದೆಯದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಫೋನು ಮಾಡುವ ದೊಡ್ಡ ಹಾನಿ ಬೆಳಕಿನದಲ್ಲ. ‘ಇನ್ನೊಂದೇ ವಿಡಿಯೋ’ ಎನ್ನುತ್ತಾ ಮಲಗುವ ಹೊತ್ತನ್ನೇ ಅದು ಮುಂದೆ ತಳ್ಳುತ್ತದೆ.

ತಲೆಯೊಳಗೆ ಸುತ್ತುವ ಜಿಂಗಲ್

ಟಿವಿ ಆರಿಸಿದರೂ ಜಾಹೀರಾತಿನ ಹಾಡು ತಲೆಯಲ್ಲಿ ನಿಲ್ಲುವುದಿಲ್ಲ, ಅಲ್ಲವೇ? ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಜೊತೆಗಾರರು 2021ರಲ್ಲಿ ಇದನ್ನೇ ಪರೀಕ್ಷಿಸಿದರು. ಮಲಗುವ ಮುಂಚೆ ಕೇಳಿದ ಹಾಡು ಕೆಲವರ ತಲೆಯಲ್ಲಿ ನಿದ್ದೆಗೆ ಜಾರುವಾಗ, ನಡುರಾತ್ರಿ ಎಚ್ಚರವಾದಾಗ ಮತ್ತೆ ಮತ್ತೆ ಸುತ್ತುತ್ತಿತ್ತು, ಅಂಥವರ ನಿದ್ದೆಯ ಗುಣಮಟ್ಟವೂ ಕಡಿಮೆಯಿತ್ತು. ಅಚ್ಚರಿಯೆಂದರೆ, ಜನಪ್ರಿಯ ಹಾಡುಗಳ ಪದಗಳಿಲ್ಲದ ವಾದ್ಯರೂಪವೇ ಹೆಚ್ಚು ಕಾಡಿತು. ಪದಗಳಿಲ್ಲದ ಟ್ಯೂನ್ ಹಾಕಿಕೊಂಡರೆ ಒಳ್ಳೆಯದು ಎಂಬ ಸಲಹೆಗೆ ಇದು ಉಲ್ಟಾ.

ಜಿಂಗಲ್‌ಗಿಂತ ಜೋರಾಗಿ ಸುತ್ತುವುದು ಹಬ್ಬದ ಲೆಕ್ಕ. ಯಾರಿಗೆ ಯಾವ ಸೀರೆ, ಊರಿಗೆ ಬಸ್ ಟಿಕೆಟ್ ಆಯಿತೇ, ಬೋನಸ್ ಬರುತ್ತದೋ ಇಲ್ಲವೋ. ಜಾಹೀರಾತಿನ ಮನೆಯಲ್ಲಿ ಎಲ್ಲರಿಗೂ ಉಡುಗೊರೆ ಸಿಕ್ಕಿರುತ್ತದೆ. ನಮ್ಮ ಮನೆಯ ಲೆಕ್ಕ ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ನಡೆಯುತ್ತದೆ. ಇದಕ್ಕೂ ಸ್ಕಲಿನ್ ಅವರದೇ 2018ರ ಒಂದು ಪ್ರಯೋಗವಿದೆ. ಮಲಗುವ ಮುಂಚೆ ಐದು ನಿಮಿಷ, ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ. ಒಂದು ಪುಟ್ಟ ಪುಸ್ತಕ, ಪೆನ್ನು ಸಾಕು. ಫೋನಿನಲ್ಲಿ ಬರೆಯಲು ಹೋಗಬೇಡಿ, ಪಟ್ಟಿ ಮಾಡಲು ತೆಗೆದ ಫೋನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ನಿಮಗೇ ಗೊತ್ತು.

ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಿ

ಇದು ಕೇಳಲು ವಿಚಿತ್ರ. ‘ನಿದ್ದೆ ಬರದಿದ್ದರೂ ಕಣ್ಮುಚ್ಚಿ ಮಲಗಿರು’ ಎಂದೇ ನಮ್ಮ ಹಿರಿಯರು ಹೇಳುವುದು. ಒಂದೆರಡು ರಾತ್ರಿಗೆ ಅದು ಸರಿ. ವಾರಗಟ್ಟಲೆ ಹೀಗೇ ಆದರೆ, ಹಾಸಿಗೆ ಎಂದರೆ ಒದ್ದಾಡುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಹಾಲ್‌ನಲ್ಲಿ ತೂಕಡಿಸುವವರಿಗೆ ದಿಂಬಿಗೆ ತಲೆಯಿಟ್ಟ ಕೂಡಲೇ ಎಚ್ಚರವಾಗಲು ಇದೂ ಒಂದು ಕಾರಣ. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಕೊಟ್ಟ ಉಪಾಯ ಸರಳ: ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಅಂದಾಜು ಇಪ್ಪತ್ತು ನಿಮಿಷವಾದರೂ ಬಾರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು ಬೇಸರ ತರಿಸುವಂಥದ್ದೇನಾದರೂ ಮಾಡಿ. ಬಟ್ಟೆ ಮಡಚುವುದು, ಹೂಬತ್ತಿ ಹೊಸೆಯುವುದು ಚೆನ್ನಾಗಿ ಒಗ್ಗುತ್ತವೆ. ಮತ್ತೆ ತೂಕಡಿಕೆ ಬಂದಾಗ ಹಾಸಿಗೆಗೆ ಹಿಂತಿರುಗಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ದಿನದ ಹೊತ್ತಿಗೇ ಏಳಿ. ಇಪ್ಪತ್ತು ನಿಮಿಷವನ್ನು ಗಡಿಯಾರ ನೋಡಿ ಅಳೆಯಬೇಡಿ. ಗಡಿಯಾರವನ್ನು ಗೋಡೆಗೆ ಮುಖ ಮಾಡಿಡಿ. ‘ಇನ್ನು ನಾಲ್ಕೇ ಗಂಟೆ ಉಳಿದಿದೆ’ ಎಂಬ ಲೆಕ್ಕದಷ್ಟು ಎಚ್ಚರ ತರಿಸುವ ವಸ್ತು ಇನ್ನೊಂದಿಲ್ಲ.

ಇಂಥ ಉಪಾಯಗಳನ್ನು ಸೇರಿಸಿದ ಚಿಕಿತ್ಸಾ ಕ್ರಮವನ್ನೇ, ಮಾತ್ರೆಗಿಂತ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು.

ಇನ್ನು 10ರಿಂದ 2ರ ಮಾತು. ಗಾಢ ನಿದ್ದೆ ಹೆಚ್ಚಾಗಿ ಬರುವುದು ನೀವು ಮಲಗಿದ ಮೊದಲ ಮೂರನೇ ಒಂದು ಭಾಗದಲ್ಲಿ. ಹತ್ತಕ್ಕೆ ಮಲಗುವವರಿಗೆ ಅದು ನಡುರಾತ್ರಿಗೆ ಮುಂಚೆ, ಹನ್ನೆರಡಕ್ಕೆ ಮಲಗುವವರಿಗೆ ಆಮೇಲೆ. ದಿನವೂ ಒಂದೇ ಹೊತ್ತಿಗೆ ಮಲಗಿ, ದೊಡ್ಡವರು ಏಳು ಗಂಟೆಯಾದರೂ ನಿದ್ದೆ ಮಾಡುವುದು ಮುಖ್ಯ. ಈ ಫಾರ್ವರ್ಡ್ ಓದಿ ರಾತ್ರಿ ಪಾಳಿಯ ಕೆಲಸಗಾರರು ಗಾಬರಿ ಬೀಳುವುದೊಂದೇ ಲಾಭ.

ಹಾಲು, ಜಾಜಿಕಾಯಿ, ಮಾತ್ರೆ

ಬಿಸಿ ಹಾಲು ಕುಡಿಯಿರಿ, ತೊಂದರೆಯಿಲ್ಲ. ಅದರಲ್ಲಿರುವ ಟ್ರಿಪ್ಟೊಫಾನ್ ಔಷಧದಂತೆ ಕೆಲಸ ಮಾಡುವಷ್ಟಿಲ್ಲ. ದಿನದ ರೂಢಿ, ಬೆಚ್ಚನೆಯ ಹಿತ ಇವೇ ಅದರ ಬಲ. ಜಾಜಿಕಾಯಿ ಹಾಗಲ್ಲ. ಪಾಯಸಕ್ಕೆ ಹಾಕುವ ಚಿಟಿಕೆಯಿಂದ ಏನೂ ಆಗದು. ‘ಸ್ವಲ್ಪದಲ್ಲಿ ಬಾರದಿದ್ದರೆ ಇನ್ನೊಂದಿಷ್ಟು’ ಎಂದು ಚಮಚಗಟ್ಟಲೆ ಹಾಕಿದರೆ ಅದು ವಿಷ: ಎದೆ ಬಡಿತ, ವಾಂತಿ, ಭ್ರಮೆ ಶುರುವಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. ಫಾರ್ವರ್ಡ್ ಮಾಡಬಾರದ್ದು ಇದನ್ನೇ.

ಎರಡು ಪೆಗ್ ಹಾಕಿದರೆ ಬೇಗ ನಿದ್ದೆ ಬರುತ್ತದೆ ಎಂಬುದು ಅರ್ಧ ನಿಜ. ಬರುವುದು ಬೇಗ, ಹೋಗುವುದೂ ಬೇಗ. ರಾತ್ರಿಯ ಎರಡನೇ ಅರ್ಧ ಒಡೆದು ಚೂರಾಗುತ್ತದೆ, ಗೊರಕೆ ಹೆಚ್ಚುತ್ತದೆ. ನಿದ್ದೆ ಮಾತ್ರೆಯನ್ನು ನೆರೆಮನೆಯವರ ಚೀಟಿ ತೋರಿಸಿ ತರುವುದು, ಅಜ್ಜಿಯ ಡಬ್ಬಿಯಿಂದ ಒಂದು ಎತ್ತಿಕೊಳ್ಳುವುದು ಬೇಡವೇ ಬೇಡ. ಹಲವು ನಿದ್ದೆ ಮಾತ್ರೆಗಳು ಅಭ್ಯಾಸ ಹಿಡಿಸುತ್ತವೆ, ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವನ್ನು ಹೆಚ್ಚಿಸುತ್ತವೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗಿದ್ದರೆ ಅದು ಹಬ್ಬದ ಗಡಿಬಿಡಿಯಲ್ಲ, ವೈದ್ಯರಿಗೆ ತೋರಿಸಿ. ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿಬೀಳುವವರಾದರೆ ಮೂರು ತಿಂಗಳು ಕಾಯುವುದೂ ಬೇಡ. ನಿದ್ದೆಯ ಜೊತೆ ಮನಸ್ಸೂ ಕುಸಿದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪಟಾಕಿ ಸದ್ದಿನಿಂದ ನಿದ್ದೆ ಕೆಡುತ್ತಿದ್ದರೆ ಸುಮ್ಮನೆ ಸಹಿಸಬೇಕಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿಗೆ ಸುಪ್ರೀಂ ಕೋರ್ಟ್ 2005ರಲ್ಲೇ ತಡೆ ಹಾಕಿದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬೆಲ್.

ಕೊನೆಗೆ ನರಕ ಚತುರ್ದಶಿಯ ವಿಷಯ. ಹಿಂದಿನ ರಾತ್ರಿ ಹಂಡೆ ತೊಳೆದು ನೀರು ತುಂಬಿ, ಟಿವಿ ನೋಡಿ ಮಲಗುವಾಗ ಹನ್ನೆರಡು. ಎಣ್ಣೆ ಸ್ನಾನಕ್ಕೆ ಏಳುವುದು ನಾಲ್ಕಕ್ಕೆ. ಆ ದಿನ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷ ಮಲಗಿ, ಸಂಜೆಯ ಸೋಫಾ ತಪ್ಪಿಸಿ. ಅದೇ ರಾತ್ರಿ ಕಾರು ಹತ್ತಿ ಬೆಂಗಳೂರಿಗೆ ವಾಪಸ್ ಹೊರಡುವ ಯೋಚನೆಯಿದ್ದರೆ ಒಂದು ಲೆಕ್ಕ ನೋಡಿ. 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹಿಡಿತ, ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟೇ ಸಡಿಲವಾಗಿರುತ್ತದೆ ಎಂದು 1997ರ ಒಂದು ಅಧ್ಯಯನ ತೋರಿಸಿತು. ನಮ್ಮ ದೇಶದಲ್ಲಿ ಚಾಲಕರಿಗೆ ಇರುವ ಮಿತಿ ಶೇ 0.03. ಬೆಳಗಿನ ನಾಲ್ಕಕ್ಕೆ ಎದ್ದವರಿಗೆ ಆ 17 ಗಂಟೆ ತುಂಬುವುದು ರಾತ್ರಿ ಒಂಬತ್ತಕ್ಕೆ.