ಎಲ್ಕಾನ
ಹೀಬ್ರೂ ಮೂಲದ ಪುರುಷನಾಮ. ‘ಏಲ್’ ಎಂದರೆ ದೇವರು. ‘ಕಾನಾ’ ಧಾತುವಿಗೆ ಪಡೆ, ಕೊಳ್ಳು, ಸೃಷ್ಟಿಸು ಎಂಬ ಅರ್ಥಗಳಿವೆ. ಹಾಗಾಗಿ ‘ದೇವರು ಪಡೆದನು’ ಅಥವಾ ‘ದೇವರು ಸೃಷ್ಟಿಸಿದನು’ ಎಂದು ಹೆಸರಿನ ಅರ್ಥ. ಬೈಬಲ್ಲಿನ ಆದಿಕಾಂಡವು ಕಾಯಿನನ ಹೆಸರನ್ನು ವಿವರಿಸುವುದೂ ಇದೇ ಧಾತುವಿನಿಂದ.

ಬೈಬಲ್ಲಿನಲ್ಲಿ ಈ ಹೆಸರಿನವರು ಹಲವರು. ವಿಮೋಚನಕಾಂಡದ ಕೋರಹನ ಮಗನೂ ಅವರಲ್ಲೊಬ್ಬ. ಹೆಚ್ಚು ಪ್ರಸಿದ್ಧನು ಪ್ರವಾದಿ ಸಮುವೇಲನ ತಂದೆ. ಪ್ರತಿವರ್ಷ ಶೀಲೋವಿಗೆ ಹೋಗಿ ಯಜ್ಞ ಅರ್ಪಿಸಿ, ಹೆಂಡಿರು ಮಕ್ಕಳಿಗೆಲ್ಲ ಪಾಲು ಹಂಚುತ್ತಿದ್ದ ದೈವಭಕ್ತ. ಮಕ್ಕಳಿಲ್ಲವೆಂದು ಸವತಿ ಪೆನಿನ್ನಳ ಕೊಂಕು ಕೇಳಿ ಊಟಬಿಟ್ಟು ಅಳುತ್ತಿದ್ದ ಹನ್ನಳನ್ನು ಪ್ರೀತಿಯಿಂದ ಸಂತೈಸಿದ ಗಂಡ. ಹಂಬಲಿಸಿ ಪಡೆದ ಕೂಸಾದ ಸಮುವೇಲನನ್ನು ಅವಳು ಹರಕೆಯಂತೆ ದೇವಸೇವೆಗೆ ಒಪ್ಪಿಸುತ್ತೇನೆಂದಾಗ ಮನಸಾರೆ ಸಮ್ಮತಿಸಿದವನೂ ಇವನೇ. ಯೆಹೂದ್ಯರು ಇಂದಿಗೂ ಗಂಡುಮಕ್ಕಳಿಗೆ ಈ ಹೆಸರಿಡುತ್ತಾರೆ.